ವರ್ತಕನ ಪತ್ತು, ರಾಷ್ಟ್ರದ ಪತ್ತು: ರಾಬರ್ಟ್ ಮಾರಿಸನ ಪ್ರಕರಣ

ಅಮೆರಿಕದ ಇಂಗ್ಲಿಷ್ ವಸಾಹತುಗಳ ರೇವುಪಟ್ಟಣಗಳಲ್ಲಿ ವರ್ತಕನೂ ರಾಜಕಾರಣಿಯೂ ಬಹುಮಟ್ಟಿಗೆ ಒಬ್ಬನೇ ಆಗಿದ್ದನು. ಬಾಸ್ಟನ್ನಿನ ಜಾನ್ ಹ್ಯಾನ್‌ಕಾಕ್ ಮತ್ತು ದಕ್ಷಿಣ ಕೆರೊಲೈನಾದ ಹೆನ್ರಿ ಲಾರೆನ್ಸ್ ಇಬ್ಬರೂ ಕಡಲ ವ್ಯಾಪಾರದಿಂದ ಬಂದವರು. ಇಬ್ಬರೂ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದರು. ಇದಕ್ಕೆ ಕಾರಣವುಂಟು. ಲಂಡನ್ನಿನ ಪಾರ್ಲಿಮೆಂಟು ವಿಧಿಸಿದ ಹೊಸ ಕರಗಳು ಮೊದಲು ತಟ್ಟಿದ್ದು ಬಂದರಿಗೆ. 1765ರ ಸ್ಟಾಂಪ್ ಕಾಯಿದೆಯು ಹಡಗಿನ ಪರವಾನಗಿಗೂ ಮುದ್ರೆಯೊತ್ತಿದ ಕಾಗದವನ್ನು ಕಡ್ಡಾಯಗೊಳಿಸಿತು. ಇಂಗ್ಲೆಂಡಿನ ಸರಕನ್ನು ತರಿಸಬಾರದೆಂಬ ಪ್ರತಿಭಟನೆಯಾದರೂ ವರ್ತಕರ ಸಹಿಯಿಲ್ಲದೆ ನಡೆಯುವಂತಿರಲಿಲ್ಲ. ಹೀಗೆ ವ್ಯಾಪಾರದ ಲೆಕ್ಕವೇ ರಾಜಕೀಯ ನಿಲುವಾಯಿತು. ಈ ಬೆರಕೆಯ ಬಲವನ್ನೂ ಅಪಾಯವನ್ನೂ ಫಿಲಡೆಲ್ಫಿಯಾದ ರಾಬರ್ಟ್ ಮಾರಿಸನ ಬಾಳಿನಲ್ಲಿ ಒಟ್ಟಿಗೇ ಕಾಣಬಹುದು.

1734ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಮಾರಿಸ್ ಬಾಲಕನಾಗಿದ್ದಾಗಲೇ ಅಮೆರಿಕಕ್ಕೆ ಬಂದು, ವಿಲ್ಲಿಂಗ್ ಕುಟುಂಬದ ವ್ಯಾಪಾರಸಂಸ್ಥೆಯಲ್ಲಿ ಕೆಲಸ ಕಲಿತು, 1757ರಲ್ಲಿ ಅದರ ಪಾಲುದಾರನಾದನು. ಆ ಸಂಸ್ಥೆ ಗುಲಾಮರ ವ್ಯಾಪಾರದಲ್ಲಿಯೂ ತೊಡಗಿತ್ತೆಂಬುದನ್ನು ಮರೆಯಲಾಗದು. ಸ್ವಾತಂತ್ರ್ಯದ ವಿಷಯದಲ್ಲಿ ಆತನದು ಅವಸರವಿಲ್ಲದ ಮನಸ್ಸು. 1776ರ ಜುಲೈ 2ರಂದು ನಿರ್ಣಯವು ಮತಕ್ಕೆ ಬಂದಾಗ ಆತ ಮತ ಹಾಕದೆ ದೂರವುಳಿದನು. ಆಗಸ್ಟಿನಲ್ಲಿ ಘೋಷಣೆಗೆ ಸಹಿ ಮಾಡಿದನು.

ಯುದ್ಧಕ್ಕೆ ಮದ್ದುಗುಂಡು, ಬಟ್ಟೆಬರೆ ಬೇಕಿದ್ದವು. ಅವನ್ನು ವಿದೇಶದಿಂದ ತರಿಸುವ ಕಾಂಗ್ರೆಸ್ಸಿನ ಸಮಿತಿಯಲ್ಲಿ ಮಾರಿಸನಿದ್ದನು. ಗುತ್ತಿಗೆಗಳು ಅವನ ಸಂಸ್ಥೆಗೂ ದೊರೆತವು. ಕೊಳ್ಳುವವನೂ ಮಾರುವವನೂ ಒಬ್ಬನೇ ಆದಾಗ ಸಂದೇಹ ಹುಟ್ಟುವುದು ಸಹಜ. 1779ರಲ್ಲಿ ಥಾಮಸ್ ಪೇನ್ ಪತ್ರಿಕೆಯಲ್ಲಿಯೂ, ಲಾರೆನ್ಸ್ ಕಾಂಗ್ರೆಸ್ಸಿನಲ್ಲಿಯೂ ಆತನ ವ್ಯವಹಾರವನ್ನು ಪ್ರಶ್ನಿಸಿದರು. ವಿಚಾರಣೆ ನಡೆದು ಕಾಂಗ್ರೆಸ್ಸು ಅವನನ್ನು ದೋಷಮುಕ್ತನೆಂದಿತು. ಆಕ್ಷೇಪಿಸಿದ ಲಾರೆನ್ಸನೂ ವರ್ತಕನೇ ಎಂಬುದು ಗಮನಾರ್ಹ.

1781ರ ವೇಳೆಗೆ ಕಾಂಗ್ರೆಸ್ಸಿನ ಕಾಗದದ ಹಣಕ್ಕೆ ಬೆಲೆಯೇ ಉಳಿದಿರಲಿಲ್ಲ. ಹಣಕಾಸಿನ ಅಧೀಕ್ಷಕ ಪದವಿಗೆ ಮಾರಿಸನನ್ನು ಕರೆದಾಗ ಆತ ಒಡ್ಡಿದ ಷರತ್ತುಗಳಲ್ಲಿ ಒಂದು, ತನ್ನ ಖಾಸಗಿ ವ್ಯಾಪಾರವನ್ನು ಬಿಡುವುದಿಲ್ಲವೆಂಬುದು. ಬೇರೆ ದಾರಿಯಿಲ್ಲದ ಕಾಂಗ್ರೆಸ್ಸು ಒಪ್ಪಿತು. ಆ ಬಳಿಕ ಆತ ತನ್ನ ಸ್ವಂತ ಸಹಿಯ ಮೇಲೆ ಹಣದ ಚೀಟಿಗಳನ್ನು ಹೊರಡಿಸಿದನು. ಸರ್ಕಾರದ ನೋಟನ್ನು ಮುಟ್ಟದ ವ್ಯಾಪಾರಿಗಳು ಈ ಚೀಟಿಗಳನ್ನು ಸ್ವೀಕರಿಸಿದರು. ಯಾರ್ಕ್‌ಟೌನಿನತ್ತ ಸಾಗುತ್ತಿದ್ದ ಸೈನಿಕರು ನಾಣ್ಯದಲ್ಲಿಯೇ ಸಂಬಳ ಬೇಡಿದಾಗ, ಫ್ರೆಂಚ್ ಸೇನಾಪತಿ ರೋಶಾಂಬೋನಿಂದ ಸಾಲ ತಂದು ಒದಗಿಸಿದವನೂ ಮಾರಿಸನೇ. 1782ರ ಜನವರಿಯಲ್ಲಿ ಬ್ಯಾಂಕ್ ಆಫ್ ನಾರ್ತ್ ಅಮೆರಿಕ ಬಾಗಿಲು ತೆರೆಯಿತು. ಅದೇ ವರ್ಷ ತನ್ನ ಹಳೆಯ ಟೀಕಾಕಾರ ಪೇನನನ್ನೇ ವರ್ಷಕ್ಕೆ 800 ಡಾಲರ್ ಸಂಬಳಕ್ಕೆ, ಗುಟ್ಟಾಗಿ, ಸರ್ಕಾರದ ಪರವಾಗಿ ಬರೆಯಲು ಗೊತ್ತುಮಾಡಿಕೊಂಡನು. ರಾಷ್ಟ್ರಕ್ಕೆ ತನ್ನದೆಂಬ ಪತ್ತು ಇಲ್ಲದಿದ್ದಾಗ ಒಬ್ಬ ವರ್ತಕನ ಪತ್ತು ಅದನ್ನು ಹೊತ್ತು ನಿಂತಿತು.

ಈ ಏರ್ಪಾಡು ಶಾಶ್ವತವಾಗಬಾರದೆಂಬ ಅರಿವೂ ಬೆಳೆಯಿತು. 1784ರಲ್ಲಿ ಮಾರಿಸ್ ನಿರ್ಗಮಿಸಿದಾಗ ಕಾಂಗ್ರೆಸ್ಸು ಹಣಕಾಸನ್ನು ಒಬ್ಬನ ಬದಲು ಮೂವರ ಮಂಡಳಿಗೆ ಒಪ್ಪಿಸಿತು. 1789ರ ಸೆಪ್ಟೆಂಬರ್ 2ರ ಖಜಾನೆ ಕಾಯಿದೆ ಇನ್ನೂ ಮುಂದೆ ಹೋಗಿ, ಖಜಾನೆಯ ಅಧಿಕಾರಿಗಳು ವ್ಯಾಪಾರ ಮಾಡುವುದನ್ನು, ಹಡಗಿನ ಒಡೆತನವನ್ನು, ಸರ್ಕಾರಿ ಭೂಮಿಯ ಖರೀದಿಯನ್ನು ನಿಷೇಧಿಸಿತು. ತಪ್ಪಿದವರಿಗೆ 3000 ಡಾಲರ್ ದಂಡ, ಪದಚ್ಯುತಿ. ಕಾಯಿದೆಯಲ್ಲಿ ಮಾರಿಸನ ಹೆಸರಿಲ್ಲ. ಆದರೆ ಅದು ತಡೆಯುವುದು 1781ರಲ್ಲಿ ಆತ ಬೇಡಿ ಪಡೆದ ಅನುಮತಿಯನ್ನೇ. ಆಗ ಆತ ಪೆನ್ಸಿಲ್ವೇನಿಯದ ಸೆನೆಟರನಾಗಿದ್ದನು. ಸೆನೆಟರರಿಗೆ ಈ ನಿಷೇಧ ಅನ್ವಯಿಸುತ್ತಿರಲಿಲ್ಲ.

ಆ ಪದವಿಯಲ್ಲಿರುವಾಗಲೇ ಮಾರಿಸ್ ಭೂಮಿಯ ಸಟ್ಟಾವ್ಯಾಪಾರಕ್ಕೆ ಇಳಿದನು. 1795ರಲ್ಲಿ ಇಬ್ಬರೊಡನೆ ಸೇರಿ ಕಟ್ಟಿದ ನಾರ್ತ್ ಅಮೆರಿಕನ್ ಲ್ಯಾಂಡ್ ಕಂಪನಿಯ ಹೆಸರಿನಲ್ಲಿ ಸುಮಾರು 60 ಲಕ್ಷ ಎಕರೆಯಿತ್ತು. ಆದರೆ ಕೊಳ್ಳುವವರು ಬರಲಿಲ್ಲ; ಯುದ್ಧಗ್ರಸ್ತ ಯುರೋಪಿನಲ್ಲಿ ಸಾಲ ಹುಟ್ಟಲಿಲ್ಲ. ಒಮ್ಮೆ ಸೇನೆಯನ್ನು ಸಾಕಿದ ಅದೇ ಸಹಿಯ ಚೀಟಿಗಳನ್ನು ಈಗ ಯಾರೂ ಮುಟ್ಟದಾದರು. 1798ರ ಫೆಬ್ರವರಿಯಲ್ಲಿ ಆತ ಫಿಲಡೆಲ್ಫಿಯಾದ ಸಾಲಗಾರರ ಸೆರೆಮನೆ ಸೇರಿದನು. ವಾಷಿಂಗ್ಟನ್ ಅಲ್ಲಿಗೇ ಬಂದು ಅವನೊಡನೆ ಊಟ ಮಾಡಿದನು. 1800ರ ದಿವಾಳಿ ಕಾಯಿದೆಯ ಆಶ್ರಯದಲ್ಲಿ 1801ರ ಆಗಸ್ಟಿನಲ್ಲಿ ಬಿಡುಗಡೆ ಹೊಂದಿ, 1806ರಲ್ಲಿ ತೀರಿಕೊಂಡನು.

ಮಾರಿಸನನ್ನು ದೇಶಭಕ್ತನೆಂದೋ ಲಾಭಕೋರನೆಂದೋ ತೀರ್ಮಾನಿಸುವ ಬರವಣಿಗೆಗೆ ಕೊರತೆಯಿಲ್ಲ. ಎರಡಕ್ಕೂ ಆಧಾರಗಳಿವೆ, ಎರಡೂ ವ್ಯಕ್ತಿಯ ಗುಣದಲ್ಲಿಯೇ ನಿಲ್ಲುತ್ತವೆ. ಸಂಶೋಧಕನು ಕೇಳಬೇಕಾದ ಪ್ರಶ್ನೆ ಬೇರೆ: ಒಬ್ಬ ವ್ಯಕ್ತಿಯ ಹೆಸರನ್ನು ನೆಚ್ಚಿ ನಿಂತ ರಾಜ್ಯವು ಆ ನೆಚ್ಚಿಕೆಯನ್ನು ನಿಯಮದ ಮೇಲೆ ವರ್ಗಾಯಿಸಿಕೊಂಡದ್ದು ಹೇಗೆ? 1781ರ ಷರತ್ತನ್ನೂ 1789ರ ಕಾಯಿದೆಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಉತ್ತರದ ಜಾಡು ಸಿಗುತ್ತದೆ. ಖಜಾನೆಯ ಅಧಿಕಾರಿಗೆ ಎಳೆದ ಗೆರೆಯನ್ನು ಕಾಯಿದೆ ಮಾಡುವವರು ತಮಗೆ ಎಳೆದುಕೊಳ್ಳಲಿಲ್ಲವೆಂಬುದೂ ಅಲ್ಲಿಯೇ ಕಾಣುತ್ತದೆ.