"ನನ್ನ ಫೋನ್‌ನಲ್ಲಿ ಚೆನ್ನಾಗಿದೆ" ಎಂದರೆ ಎಲ್ಲರ ಫೋನ್‌ನಲ್ಲೂ ಚೆನ್ನಾಗಿರುತ್ತದೆಯೇ?

"ಅಪ್‌ಡೇಟ್ ಮಾಡಬೇಡಿ, ಫೋನ್ ಹಾಳಾಗುತ್ತದೆ. ಹಳೆಯ ಆ್ಯಪ್‌ನ ಫೈಲ್ ಕಳಿಸಿದ್ದೇನೆ, ಹಾಕಿಕೊಳ್ಳಿ. ನನ್ನ ಫೋನ್‌ನಲ್ಲಿ ಸೂಪರ್ ಆಗಿದೆ." ಇಂತಹ ಸಂದೇಶ ಹಾಸನದ ಒಂದು ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಟರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಇದನ್ನು ನಂಬಬಹುದೇ?

ಚುಟುಕಾದ ಉತ್ತರ: ನಂಬಬೇಡಿ. ಒಂದು ಫೋನ್‌ನಲ್ಲಿ ಓಡಿದ ಆ್ಯಪ್ ಇನ್ನೊಂದರಲ್ಲೂ ಓಡುತ್ತದೆ ಎನ್ನುವ ಖಾತರಿ ಇಲ್ಲ. ಏಕೆಂದು ನೋಡೋಣ.

ಒಂದೇ ಬೀಜ, ಬೇರೆ ಬೇರೆ ಮಣ್ಣು

ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅರಕಲಗೂಡಿನ ಮಳೆ ಬೇರೆ, ಚನ್ನರಾಯಪಟ್ಟಣದ ಮಳೆ ಬೇರೆ. ಅದಕ್ಕೇ ಹೊಸ ತಳಿಯನ್ನು ರೈತರಿಗೆ ಕೊಡುವ ಮೊದಲು ಹಲವು ಕಡೆ ಬೆಳೆದು ನೋಡುತ್ತಾರೆ.

ಆ್ಯಪ್ ಕೂಡ ಹಾಗೆಯೇ. ಪ್ರೋಗ್ರಾಮರ್ ಬರೆದ ಕೋಡ್ ಇಲ್ಲಿ ಬೀಜ. ಅದನ್ನು ಚಿಪ್‌ಗೆ ಅರ್ಥವಾಗುವ ಭಾಷೆಗೆ ಬದಲಿಸುವ ತಂತ್ರಾಂಶಕ್ಕೆ ಕಂಪೈಲರ್ ಎನ್ನುತ್ತಾರೆ. ಜಿಸಿಸಿ, ಕ್ಲ್ಯಾಂಗ್, ಮೈಕ್ರೋಸಾಫ್ಟ್‌ನ ಎಂಎಸ್‌ವಿಸಿ ಹೀಗೆ ಕಂಪೈಲರ್‌ಗಳು ಹಲವು. ಪ್ರತಿಯೊಂದಕ್ಕೂ ಹತ್ತಾರು ಆವೃತ್ತಿಗಳಿವೆ. ಚಿಪ್ ಬೇರೆ, ಆಂಡ್ರಾಯ್ಡ್, ವಿಂಡೋಸ್, ಐಫೋನ್ ಬೇರೆ.

"ಹಾಸನ" ಎಂದು ಟೈಪ್ ಮಾಡಿದಾಗ

ಒಂದು ಉದಾಹರಣೆ ನೋಡಿ. "ಹಾಸನ" ಎಂಬ ಪದ ಫೋನ್‌ನಲ್ಲಿ ಸಾಮಾನ್ಯವಾಗಿ 12 ಬೈಟ್‌ಗಳಾಗಿ ಉಳಿಯುತ್ತದೆ: ಹ, ದೀರ್ಘದ ಚಿಹ್ನೆ, ಸ, ನ, ಒಂದೊಂದಕ್ಕೂ 3 ಬೈಟ್. ಪ್ರತಿ ಕನ್ನಡ ಸಂಕೇತದ ಮೊದಲ ಬೈಟ್‌ನ ಬೆಲೆ 224.

ಸಿ ಭಾಷೆಯಲ್ಲಿ ಬೈಟನ್ನು 0ಯಿಂದ 255ರವರೆಗೆ ಎಣಿಸಬೇಕೋ, -128ರಿಂದ 127ರವರೆಗೆ ಎಣಿಸಬೇಕೋ ಎಂಬ ನಿರ್ಧಾರವನ್ನು ಕಂಪೈಲರ್‌ಗೇ ಬಿಟ್ಟಿದ್ದಾರೆ. ಎಆರ್‌ಎಂ ಚಿಪ್ ಇರುವ ಆಂಡ್ರಾಯ್ಡ್ ಫೋನ್‌ನಲ್ಲಿ ಅದು 224 ಆಗಿಯೇ ಇರುತ್ತದೆ. ಇಂಟೆಲ್ ಚಿಪ್‌ನ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ -32 ಆಗುತ್ತದೆ. "127ಕ್ಕಿಂತ ದೊಡ್ಡದಾದರೆ ಇದು ಇಂಗ್ಲಿಷ್ ಅಲ್ಲ" ಎಂದು ಯಾರಾದರೂ ಬರೆದಿದ್ದರೆ, ಒಂದೇ ಕೋಡ್ ಒಂದು ಕಡೆ ಕನ್ನಡವನ್ನು ಗುರುತಿಸುತ್ತದೆ, ಇನ್ನೊಂದು ಕಡೆ ತಪ್ಪುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲ 128ಕ್ಕಿಂತ ಕೆಳಗಿರುವುದರಿಂದ, ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷಿಸಿದವರಿಗೆ ಈ ತಪ್ಪು ಕಾಣುವುದೇ ಇಲ್ಲ!

ಹಾಗಾದರೆ ಪರೀಕ್ಷೆ ಹೇಗೆ?

ಎಲ್ಲ ಕಡೆ ಕೈಯಿಂದ ಪರೀಕ್ಷಿಸಲು ಆಗದು. ಅದಕ್ಕಾಗಿ "ಕಂಟಿನ್ಯುಯಸ್ ಇಂಟಿಗ್ರೇಷನ್" ಎಂಬ ವ್ಯವಸ್ಥೆ ಇದೆ. ಚಿಕ್ಕದಾಗಿ ಸಿಐ. ಪ್ರೋಗ್ರಾಮರ್ ಒಂದು ಸಾಲು ಬದಲಿಸಿದರೂ ಬೇರೆ ಬೇರೆ ಕಂಪ್ಯೂಟರ್‌ಗಳು ತಾವಾಗಿಯೇ ಕೋಡನ್ನು ಕಟ್ಟಿ, ಓಡಿಸಿ, ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು ಗುರುತು ತೋರಿಸುತ್ತವೆ.

ಇದನ್ನು ಕಲಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಕ್ರಮ ಇಷ್ಟು:

1. ಮೊದಲು ಪರೀಕ್ಷೆ ಬರೆಯಿರಿ. ಒತ್ತಕ್ಷರ, ಅರ್ಕಾವತ್ತು ಇರುವ ಕನ್ನಡ ಪದಗಳೂ ಅದರಲ್ಲಿರಲಿ.
2. ವ್ಯವಸ್ಥೆ, ಕಂಪೈಲರ್, ಆವೃತ್ತಿ ಈ ಮೂರರ ಪಟ್ಟಿ ಮಾಡಿ. 3 ವ್ಯವಸ್ಥೆ, 2 ಕಂಪೈಲರ್, 2 ಆವೃತ್ತಿ ಎಂದರೆ 12 ಬಗೆ.
3. ಎಲ್ಲ ಆವೃತ್ತಿಗಳೂ ಬೇಕಿಲ್ಲ. ನೀವು ಬೆಂಬಲಿಸುವ ಅತಿ ಹಳೆಯದು, ಅತಿ ಹೊಸದು ಇದ್ದರೆ ಬಹುಪಾಲು ತಪ್ಪುಗಳು ಸಿಗುತ್ತವೆ.
4. ಒಂದೇ ಒಂದು ಕೆಂಪು ಬಂದರೂ ಬದಲಾವಣೆಯನ್ನು ಸೇರಿಸಬೇಡಿ.

ಎಲ್ಲರಿಗೂ ತೆರೆದಿರುವ ಪ್ರಾಜೆಕ್ಟ್‌ಗಳಿಗೆ ಗಿಟ್‌ಹಬ್ ಆಕ್ಷನ್ಸ್‌ನ ಸಾಮಾನ್ಯ ಯಂತ್ರಗಳು ಉಚಿತ. ಆಂಡ್ರಾಯ್ಡ್‌ನಲ್ಲಿ ನಮ್ಮ ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವೂ ಹೀಗೆಯೇ ಪರೀಕ್ಷೆಯಾಗುತ್ತದೆ. ಅದರ ಪರೀಕ್ಷೆಯಲ್ಲಿ ಕನ್ನಡ ಪದಗಳೂ ಇವೆ.

ಪರೀಕ್ಷೆ ತಪ್ಪಿದರೆ ಏನಾಗುತ್ತದೆ?

2018ರ ಫೆಬ್ರವರಿ ನೆನಪಿದೆಯೇ? ತೆಲುಗಿನ ಒಂದು ಅಕ್ಷರ, ನಮ್ಮ "ಜ್ಞಾ"ದ ಜೋಡಿ, ಸಂದೇಶದಲ್ಲಿ ಬಂದರೆ ಸಾಕು, ಐಫೋನ್‌ನ ಆ್ಯಪ್‌ಗಳು ಮುಚ್ಚಿಹೋಗುತ್ತಿದ್ದವು. ಆಂಡ್ರಾಯ್ಡ್‌ನಲ್ಲಿ ಅದೇ ಅಕ್ಷರಕ್ಕೆ ಏನೂ ಆಗುತ್ತಿರಲಿಲ್ಲ. ಜನ ತಮಾಷೆಗೆ ಫಾರ್ವರ್ಡ್ ಮಾಡಿದರು. ಸರಿಪಡಿಸಿದ್ದು ಐಓಎಸ್ 11.2.6 ಎಂಬ ಅಪ್‌ಡೇಟ್.

ಇನ್ನೊಂದು ಘಟನೆಗೆ ಹಾಸನದ ನಂಟಿದೆ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವುದು ಹಾಸನದಲ್ಲೇ. ಅಲ್ಲಿಂದ ನಿಯಂತ್ರಿಸಿದ ಇನ್ಸಾಟ್-2ಸಿ ಉಪಗ್ರಹವನ್ನು 1995ರ ಡಿಸೆಂಬರ್‌ನಲ್ಲಿ ಮೇಲೇರಿಸಿದ್ದು ಯುರೋಪಿನ ಏರಿಯಾನ್-4 ರಾಕೆಟ್. ಅದರ ತಂತ್ರಾಂಶದ ಒಂದು ಭಾಗವನ್ನು ಹೊಸ ಏರಿಯಾನ್-5ಕ್ಕೂ ಹಾಗೆಯೇ ಬಳಸಿದರು. ಹೊಸ ರಾಕೆಟ್‌ನ ವೇಗ ಹೆಚ್ಚು. ಒಂದು ಲೆಕ್ಕ 16 ಬಿಟ್‌ನ ಮಿತಿಯಾದ 32,767 ಅನ್ನು ಮೀರಿತು. 1996ರ ಜೂನ್ 4ರಂದು ಆ ರಾಕೆಟ್ ಒಂದು ನಿಮಿಷವೂ ಹಾರದೆ ಸಿಡಿಯಿತು. ಹಳೆಯದರಲ್ಲಿ ಸರಿ ಇದ್ದದ್ದು ಹೊಸದರಲ್ಲೂ ಸರಿ ಇರುತ್ತದೆ ಎಂದು ನಂಬಿ, ಹೊಸ ರಾಕೆಟ್‌ನ ಹಾರಾಟದ ಲೆಕ್ಕ ಹಾಕಿ ಪರೀಕ್ಷಿಸದೇ ಇದ್ದದ್ದೇ ತಪ್ಪು.

ನಾವು ಏನು ಮಾಡಬೇಕು?

ಸಿಐ ಇದ್ದರೂ ಎಲ್ಲ ತಪ್ಪುಗಳೂ ಸಿಗುವುದಿಲ್ಲ. ಬರೆದಿಟ್ಟ ಪರೀಕ್ಷೆಗಳಷ್ಟೇ ನಡೆಯುತ್ತವೆ. ಕೆಲವೊಮ್ಮೆ ಅಪ್‌ಡೇಟ್ ಆದ ಮೇಲೆ ತೊಂದರೆ ಬರುವುದೂ ನಿಜ. ಹಾಗಾದಾಗ ಪ್ಲೇ ಸ್ಟೋರ್‌ನಲ್ಲೇ ನಿಮ್ಮ ಫೋನ್ ಮಾದರಿ, ಆಂಡ್ರಾಯ್ಡ್ ಆವೃತ್ತಿ ಬರೆದು ದೂರು ಕೊಡಿ. ಪ್ರೋಗ್ರಾಮರ್‌ಗೆ ಬೇಕಾದ ಮಾಹಿತಿ ಅದೇ.

ಆದರೆ ಗುಂಪಿನಲ್ಲಿ ಬಂದ ಎಪಿಕೆ ಫೈಲನ್ನು ಹಾಕಿಕೊಳ್ಳಬೇಡಿ. ಅದನ್ನು ಯಾರು ಕಟ್ಟಿದರು, ಯಾರು ಪರೀಕ್ಷಿಸಿದರು ಎಂಬುದು ಕಳಿಸಿದವರಿಗೂ ಗೊತ್ತಿರುವುದಿಲ್ಲ. ನಕಲಿ ಆ್ಯಪ್ ನಿಮ್ಮ ಎಸ್ಸೆಮ್ಮೆಸ್ ಓದುವ ಅನುಮತಿ ಪಡೆದರೆ ಬ್ಯಾಂಕಿನ ಓಟಿಪಿಯೂ ಅದರ ಕೈಗೆ ಸಿಗುತ್ತದೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು ಮುಂದೆ ಯಾರಾದರೂ "ನನ್ನ ಫೋನ್‌ನಲ್ಲಿ ಚೆನ್ನಾಗಿದೆ" ಎಂದು ಫೈಲ್ ಕಳಿಸಿದರೆ, ಆ ಫೈಲಿನ ಬದಲು ಈ ಲೇಖನವನ್ನು ಫಾರ್ವರ್ಡ್ ಮಾಡಿ.