ಲೈಕಾ: 45 ವರ್ಷ ಮುಚ್ಚಿಟ್ಟ ಸಾವು

ಆ ನಾಯಿಯ ಮೊದಲ ಹೆಸರು ಕುದ್ರ್ಯಾವ್ಕಾ. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಗುಂಗುರು ಕೂದಲಿನವಳು. ಜಗತ್ತು ನೆನಪಿಟ್ಟುಕೊಂಡದ್ದು ಮಾತ್ರ ಇನ್ನೊಂದು ಹೆಸರನ್ನು: ಲೈಕಾ, ಬೊಗಳುವವಳು. ಮಾಸ್ಕೋದ ಬೀದಿಯಿಂದ ಹಿಡಿದು ತಂದಿದ್ದ, ಸುಮಾರು ಆರು ಕಿಲೋ ತೂಕದ ಹೆಣ್ಣು ನಾಯಿ. ಬೀದಿನಾಯಿಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಚಳಿ, ಹಸಿವು ಎರಡನ್ನೂ ತಡೆದುಕೊಂಡು ಬದುಕಿದ ಪ್ರಾಣಿ ಅಂತರಿಕ್ಷದ ಕಷ್ಟವನ್ನೂ ತಾಳೀತು ಎಂಬುದು ಸೋವಿಯತ್ ವಿಜ್ಞಾನಿಗಳ ಲೆಕ್ಕಾಚಾರ.

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್-1 ಹಾರಿತು. ಅದರ ಯಶಸ್ಸಿನಿಂದ ಹಿಗ್ಗಿದ ನಿಕಿತಾ ಕ್ರುಶ್ಚೇವ್ ಅವರಿಗೆ, ನವೆಂಬರ್ 7ರಂದು ಬರಲಿದ್ದ ಕ್ರಾಂತಿಯ 40ನೇ ವಾರ್ಷಿಕೋತ್ಸವದೊಳಗೆ ಇನ್ನೊಂದು ಸಾಹಸ ಬೇಕಿತ್ತು. ಕೈಯಲ್ಲಿದ್ದದ್ದು ನಾಲ್ಕೇ ವಾರ. ಅಷ್ಟರಲ್ಲಿ ಒಂದು ನೌಕೆಯನ್ನು ಮೇಲೆ ಕಳಿಸಬಹುದಿತ್ತು. ಅದರಲ್ಲಿದ್ದ ಜೀವವನ್ನು ಸುರಕ್ಷಿತವಾಗಿ ಕೆಳಗಿಳಿಸುವ ವ್ಯವಸ್ಥೆ ಮಾಡಲು ಆಗುತ್ತಿರಲಿಲ್ಲ. ಲೈಕಾ ಮರಳಿ ಬರುವುದಿಲ್ಲ ಎಂಬುದು ಅವಳನ್ನು ಸಿದ್ಧಪಡಿಸಿದವರಿಗೆ ಮೊದಲೇ ಗೊತ್ತಿತ್ತು. ಅವರಲ್ಲೊಬ್ಬರಾದ ವೈದ್ಯ ವ್ಲಾದಿಮಿರ್ ಯಾಜ್ದೋವ್ಸ್ಕಿ, ಹಾರಾಟಕ್ಕೆ ಮುನ್ನ ಅವಳನ್ನು ತಮ್ಮ ಮನೆಗೆ ಕರೆದೊಯ್ದು ಮಕ್ಕಳೊಂದಿಗೆ ಆಡಲು ಬಿಟ್ಟರು.

ನವೆಂಬರ್ 3ರಂದು ಸ್ಪುಟ್ನಿಕ್-2 ಕಕ್ಷೆ ಸೇರಿತು. ರಾಕೆಟ್ ಮೇಲೇರುವಾಗ ಲೈಕಾಳ ಎದೆಬಡಿತ ನಿಮಿಷಕ್ಕೆ 103ರಿಂದ 240ಕ್ಕೆ ಜಿಗಿಯಿತು. ಬ್ರಿಟನ್ನಿನ ಪ್ರಾಣಿಪ್ರಿಯರು ಪ್ರತಿಭಟಿಸಿದರು. ಅವಳು ಹಲವು ದಿನ ಬದುಕಿದ್ದು, ನೋವಿಲ್ಲದೆ ಸತ್ತಳೆಂದು ಸೋವಿಯತ್ ಸರ್ಕಾರ ಜಗತ್ತನ್ನು ನಂಬಿಸಿತು.

ನಿಜ ಹೊರಬಂದದ್ದು 2002ರಲ್ಲಿ. ಹ್ಯೂಸ್ಟನ್ನಿನ ಸಮ್ಮೇಳನವೊಂದರಲ್ಲಿ ರಷ್ಯದ ವಿಜ್ಞಾನಿ ದಿಮಿತ್ರಿ ಮಲಾಷೆಂಕೋವ್ ಅದನ್ನು ಬಿಚ್ಚಿಟ್ಟರು. ನೌಕೆಯ ಒಳಗಿನ ಶಾಖ ಹತೋಟಿ ಮೀರಿತ್ತು. ಹಾರಿದ ಐದರಿಂದ ಏಳು ಗಂಟೆಗಳಲ್ಲೇ ಲೈಕಾ ಸತ್ತಿದ್ದಳು. ಅವಳ ಕಳೇಬರವನ್ನು ಹೊತ್ತ ನೌಕೆ ಐದು ತಿಂಗಳಿಗೂ ಹೆಚ್ಚು ಕಾಲ ಭೂಮಿಯನ್ನು ಸುತ್ತಿ, 1958ರ ಏಪ್ರಿಲ್ 14ರಂದು ವಾಯುಮಂಡಲದಲ್ಲಿ ಉರಿದುಹೋಗಿತ್ತು.

ರಾಕೆಟ್ಟಿನ ಆರ್ಭಟವನ್ನೂ ತೂಕವಿಲ್ಲದ ಸ್ಥಿತಿಯನ್ನೂ ಜೀವಿಯೊಂದು ಸಹಿಸಬಲ್ಲದು ಎಂಬುದು ಅವಳಿಂದ ತಿಳಿಯಿತು, ನಿಜ. ಆದರೆ ಹೋದ ಪ್ರಾಣಿಯನ್ನು ಮರಳಿ ತರುವ ದಾರಿಯೂ ಮೂರೇ ವರ್ಷಗಳಲ್ಲಿ ಸಿಕ್ಕಿತು. 1960ರ ಆಗಸ್ಟ್‌ನಲ್ಲಿ ಬೆಲ್ಕಾ, ಸ್ತ್ರೆಲ್ಕಾ ಎಂಬ ಎರಡು ನಾಯಿಗಳು ಒಂದು ದಿನ ಕಕ್ಷೆಯಲ್ಲಿದ್ದು ಜೀವಂತವಾಗಿ ಇಳಿದವು. ಮರುವರ್ಷ ಏಪ್ರಿಲ್ 12ರಂದು ಯೂರಿ ಗಗಾರಿನ್ ಹೋಗಿಬಂದರು. ಲೈಕಾಳ ಪಾಲಿಗೆ ಇಲ್ಲವಾದದ್ದು ಆ ಮೂರು ವರ್ಷದ ತಾಳ್ಮೆ.

2008ರಲ್ಲಿ ಮಾಸ್ಕೋದಲ್ಲಿ ಅವಳ ಸ್ಮಾರಕ ಎದ್ದಿತು. ಅದಕ್ಕೂ ಹತ್ತು ವರ್ಷ ಮೊದಲು, 1998ರಲ್ಲಿ, ಅವಳನ್ನು ಪಳಗಿಸಿದ್ದ ವಿಜ್ಞಾನಿ ಒಲೆಗ್ ಗಜೆಂಕೋ ತಮ್ಮ ಪಶ್ಚಾತ್ತಾಪವನ್ನು ಬಹಿರಂಗವಾಗಿ ಹೇಳಿಕೊಂಡಿದ್ದರು: ಆ ನಾಯಿಯ ಸಾವಿಗೆ ಸಮನಾಗುವಷ್ಟನ್ನು ತಾವು ಆ ಹಾರಾಟದಿಂದ ಕಲಿಯಲಿಲ್ಲ ಎಂದು.