ಸ್ಥಾಪಕರ ಅಭಿಪ್ರಾಯ, ಸ್ಥಾಪಕರ ವಾಗ್ದಾನ

ಸಂವಿಧಾನದ ಯಾವುದೇ ವಿಧಿಯ ಅರ್ಥ ವಿವಾದಕ್ಕೊಳಗಾದಾಗ, ಅದನ್ನು ರಚಿಸಿದವರ ಮನಸ್ಸಿನಲ್ಲಿ ಏನಿತ್ತೆಂದು ಕೇಳುವುದು ಸಹಜ. ಆ ಉತ್ತರವು ಇಂದಿನ ಆಡಳಿತವನ್ನು ಎಷ್ಟರಮಟ್ಟಿಗೆ ಕಟ್ಟಿಹಾಕಬೇಕು ಎಂಬುದು ಬೇರೆಯೇ ಪ್ರಶ್ನೆ. ಭಾರತದ ಕ್ರೈಸ್ತರನ್ನು ಈ ಪ್ರಶ್ನೆ ಎರಡು ಕಡೆಯಿಂದ ತಟ್ಟುತ್ತದೆ. ಧಾರ್ಮಿಕ ಸ್ವಾತಂತ್ರ್ಯದ ವಿಷಯದಲ್ಲಿ ಸ್ಥಾಪಕರ ಮಾತು ನಮಗೆ ಆಸರೆಯಾಗಿದೆ. ದಲಿತ ಕ್ರೈಸ್ತರ ವಿಷಯದಲ್ಲಿ ಅದೇ ತಲೆಮಾರಿನ ತೀರ್ಮಾನ ನಮಗೆ ಎದುರಾಗಿ ನಿಂತಿದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡದೆ ಪ್ರಾಮಾಣಿಕ ಉತ್ತರ ದೊರೆಯದು.

ಮೊದಲು 25ನೇ ವಿಧಿಯನ್ನು ನೋಡೋಣ. ಧರ್ಮವನ್ನು ಅವಲಂಬಿಸುವ ಮತ್ತು ಆಚರಿಸುವ ಹಕ್ಕಿನ ಜೊತೆಗೆ 'ಪ್ರಚಾರ ಮಾಡುವ' ಹಕ್ಕನ್ನೂ ಅದು ನೀಡುತ್ತದೆ. 1948ರ ಡಿಸೆಂಬರ್ ತಿಂಗಳಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಈ ಪದದ ಮೇಲೆ ಬಿರುಸಾದ ಚರ್ಚೆ ನಡೆಯಿತು. ತಜಮುಲ್ ಹುಸೇನ್ ಅವರು ಧರ್ಮಾಚರಣೆ ಖಾಸಗಿಯಾಗಿರಲಿ ಎಂದರು. ಲೋಕನಾಥ ಮಿಶ್ರ ಅವರೂ ಪ್ರಚಾರದ ಹಕ್ಕನ್ನು ವಿರೋಧಿಸಿದರು. ಕೆ. ಎಂ. ಮುನ್ಷಿಯವರು ಆ ಪದವನ್ನು ಸಮರ್ಥಿಸಿದರು. ವಾಕ್ ಸ್ವಾತಂತ್ರ್ಯವಿರುವಲ್ಲಿ ಅನ್ಯರನ್ನು ತನ್ನ ನಂಬಿಕೆಯತ್ತ ಒಲಿಸುವ ಸ್ವಾತಂತ್ರ್ಯವೂ ಇದ್ದೇ ಇರುತ್ತದೆ, ಮನಸ್ಸಾಕ್ಷಿಗನುಸಾರವಾದ ಮತಾಂತರವನ್ನು ಒಪ್ಪಲೇಬೇಕಾಗುತ್ತದೆ ಎಂಬುದು ಅವರ ವಾದವಾಗಿತ್ತು. ಸಭೆ ಆ ಪದವನ್ನು ಉಳಿಸಿಕೊಂಡಿತು.

ಆದರೆ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, ಪ್ರಚಾರವೆಂದರೆ ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ಹರಡುವುದೇ ಹೊರತು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ತೀರ್ಪಿತ್ತಿತು. ಸಂವಿಧಾನತಜ್ಞ ಎಚ್. ಎಂ. ಸೀರವಾಯಿ ಈ ತೀರ್ಪನ್ನು ಕಟುವಾಗಿ ಟೀಕಿಸಿದರು. 2022ರಲ್ಲಿ ಕರ್ನಾಟಕದಲ್ಲಿ ಮತಾಂತರವನ್ನು ನಿರ್ಬಂಧಿಸುವ ಕಾಯ್ದೆ ಜಾರಿಗೆ ಬಂದಾಗ ಹಳೆಯ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂತು. ಇಲ್ಲಿ ಸ್ಥಾಪಕರತ್ತ ಬೊಟ್ಟು ಮಾಡಲು ನಮಗೆ ಸಾಕಷ್ಟು ಕಾರಣವಿದೆ.

ಈಗ ಮತ್ತೊಂದು ಬದಿ. ಶಾಸನಸಭೆಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಇರಬೇಕಿದ್ದ ಮೀಸಲು ಸ್ಥಾನಗಳನ್ನು 1949ರ ಮೇ ತಿಂಗಳಲ್ಲಿ ಕೈಬಿಡಲಾಯಿತು. ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಕ್ರೈಸ್ತ ಎಚ್. ಸಿ. ಮುಖರ್ಜಿ ಮತ್ತು ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಇದಕ್ಕೆ ಸಮ್ಮತಿಸಿದರು. 1950ರ ಆಗಸ್ಟ್ 10ರಂದು ಹೊರಟ ಪರಿಶಿಷ್ಟ ಜಾತಿಗಳ ಆದೇಶವಾದರೋ, ಕೆಲವು ಸಿಖ್ ಜಾತಿಗಳ ಹೊರತು, ಹಿಂದೂ ಧರ್ಮದ ಆಚೆಗಿರುವವರನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. ಅದನ್ನು ಹೊರಡಿಸಿದವರು ಸಂವಿಧಾನ ರಚನಾ ಸಭೆಯ ಅಧ್ಯಕ್ಷರಾಗಿದ್ದ ರಾಜೇಂದ್ರ ಪ್ರಸಾದರೇ. 1956ರಲ್ಲಿ ಎಲ್ಲ ಸಿಖ್ ದಲಿತರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು. ಕ್ರೈಸ್ತರಿಗೂ ಮುಸಲ್ಮಾನರಿಗೂ ತೆರೆಯಲಿಲ್ಲ. ಕರ್ನಾಟಕವು ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇರಿಸಿದೆ. ಅದು ಪರಿಶಿಷ್ಟ ಜಾತಿಯ ಸ್ಥಾನಮಾನಕ್ಕೆ ಸಮನಲ್ಲ.

ಹೀಗಿರುವಾಗ ಸ್ಥಾಪಕರ ಅಭಿಪ್ರಾಯವೇ ಅಂತಿಮವೆಂದು 25ನೇ ವಿಧಿಗೆ ವಾದಿಸಿ, 1950ರ ಆದೇಶದ ಮಾತು ಬಂದಾಗ ಕಾಲ ಬದಲಾಗಿದೆ ಎನ್ನುವುದು ನ್ಯಾಯವಲ್ಲ. ಎರಡಕ್ಕೂ ಒಂದೇ ಅಳತೆಗೋಲು ಬೇಕು.

ಆ ಅಳತೆಗೋಲನ್ನು ಸ್ಥಾಪಕರೇ ಸೂಚಿಸಿದ್ದಾರೆ. ಅವರೆಲ್ಲ ಒಂದೇ ಮನಸ್ಸಿನವರಾಗಿರಲಿಲ್ಲ. ಮೈಸೂರಿನ ಪ್ರತಿನಿಧಿ ಕೆಂಗಲ್ ಹನುಮಂತಯ್ಯನವರು 1949ರ ನವೆಂಬರ್‌ನಲ್ಲಿ, ನಾವು ಬಯಸಿದ್ದು ವೀಣೆಯ ನಾದವನ್ನು, ದೊರೆತದ್ದು ಇಂಗ್ಲಿಷ್ ವಾದ್ಯಮೇಳವನ್ನು ಎಂಬರ್ಥದಲ್ಲಿ ಅತೃಪ್ತಿ ತೋಡಿಕೊಂಡರು. ಅದೇ ತಿಂಗಳ 25ರಂದು ಅಂಬೇಡ್ಕರ್ ಅವರು ಅಮೆರಿಕದ ಜೆಫರ್ಸನ್‌ನ ವಿಚಾರವನ್ನು ಸ್ಮರಿಸಿ, ಒಂದು ತಲೆಮಾರು ಮುಂದಿನ ತಲೆಮಾರನ್ನು ಕಟ್ಟಿಹಾಕಲಾಗದೆಂದೂ ಆದಕಾರಣವೇ ತಿದ್ದುಪಡಿಗೆ ಸುಗಮ ದಾರಿಯನ್ನು ಇಟ್ಟಿರುವುದಾಗಿಯೂ ವಿವರಿಸಿದರು. ತಮ್ಮ ಅಭಿಪ್ರಾಯಗಳಿಗೆ ಶಾಶ್ವತ ಅಧಿಕಾರವನ್ನು ಅವರೇ ಕೇಳಲಿಲ್ಲ.

ಹಾಗಾದರೆ ಆಯಾ ಕಾಲದ ಬಹುಮತ ಬಯಸಿದ್ದೆಲ್ಲವೂ ಸಂವಿಧಾನವಾಗಬಹುದೇ? ಈ ಆತಂಕ ನಿಜವಾದುದು; ಅಲ್ಪಸಂಖ್ಯಾತರಿಗಂತೂ ಇನ್ನಷ್ಟು ನಿಜ. ಇದಕ್ಕೆ ಉತ್ತರ ಹೊಮ್ಮಿದ್ದು ಕಾಸರಗೋಡಿನ ಕನ್ನಡ ನೆಲದಲ್ಲಿರುವ ಎಡನೀರು ಮಠದ ಮೊಕದ್ದಮೆಯಿಂದ. ಮಠಾಧೀಶರಾಗಿದ್ದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿದ್ದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠವು 7–6ರ ಬಹುಮತದಿಂದ, ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ನಾಶಮಾಡುವಂತಿಲ್ಲ ಎಂದಿತು. ವಿವರಗಳು ಬದಲಾಗಬಲ್ಲವು, ಅಡಿಪಾಯ ಉಳಿಯಬೇಕು.

ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ವಿವೇಚನೆ ಹೊಸದಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ 'ದೇಯಿ ವೆರ್ಬುಂ' 12ನೇ ಪರಿಚ್ಛೇದವು ಪವಿತ್ರ ಲೇಖಕರ ಉದ್ದೇಶವನ್ನು ಅರಸಬೇಕೆನ್ನುತ್ತದೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಇಡೀ ಧರ್ಮಗ್ರಂಥದ ಏಕತೆಯನ್ನೂ ಜೀವಂತ ಪರಂಪರೆಯನ್ನೂ ಗಮನಿಸಬೇಕೆನ್ನುತ್ತದೆ. ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಪಂಕ್ತಿಭೋಜನದಿಂದ ಪೇತ್ರನು ಹಿಂಜರಿದಾಗ ಪೌಲನು ಅವನನ್ನು ಮುಖಾಮುಖಿಯಾಗಿ ಖಂಡಿಸಿದ ಸಂಗತಿ ಗಲಾತ್ಯರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿದೆ. ಪೌಲನು ಪೇತ್ರನ ಪ್ರೇಷಿತತ್ವವನ್ನು ಅಲ್ಲಗಳೆಯಲಿಲ್ಲ; ಇಬ್ಬರೂ ಒಪ್ಪಿಕೊಂಡಿದ್ದ ಶುಭಸಂದೇಶದ ಸತ್ಯದಿಂದಲೇ ಅವನ ನಡೆಯನ್ನು ಅಳೆದನು.

ಸಂವಿಧಾನದ ಸ್ಥಾಪಕರಿಗೂ ಇದೇ ಗೌರವ ಸಲ್ಲಬೇಕು. ಅವರು ಸಾಕ್ಷಿಗಳು, ಒಡೆಯರಲ್ಲ. ಮನಸ್ಸಾಕ್ಷಿಯ ಸ್ವಾತಂತ್ರ್ಯ, ಸಮಾನತೆ, 17ನೇ ವಿಧಿಯ ಅಸ್ಪೃಶ್ಯತಾ ನಿರ್ಮೂಲನೆ ಅವರು ಕೊಟ್ಟ ವಾಗ್ದಾನ. 1948ರ ಚರ್ಚೆಯು ಆ ವಾಗ್ದಾನವನ್ನು ಬೆಳಗುವುದರಿಂದ ಅದಕ್ಕೆ ಬೆಲೆಯಿದೆ. 1950ರ ಆದೇಶವು ಅದರಿಂದ ಹಿಂಜರಿಯುವುದರಿಂದ ಅದನ್ನು ತಿದ್ದಬೇಕಿದೆ. ದೀಕ್ಷಾಸ್ನಾನವು ಊರಿನ ಕಣ್ಣಲ್ಲಿ ಜಾತಿಯನ್ನು ತೊಳೆದಿಲ್ಲವೆಂಬುದನ್ನು ಗೂಳೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಸೇವೆಗೆ ಹೋಗುವ ಯಾಜಕರು ಬೇಗನೆ ಅರಿಯುತ್ತಾರೆ. ಅದೇ ಅಳತೆಗೋಲು ನಮ್ಮ ಧರ್ಮಕೇಂದ್ರಗಳಿಗೂ ಅನ್ವಯಿಸುತ್ತದೆ. ಪಂಕ್ತಿಯಲ್ಲಿ, ಸ್ಮಶಾನದಲ್ಲಿ, ಆಡಳಿತ ಮಂಡಳಿಯಲ್ಲಿ ಜಾತಿಯನ್ನು ಉಳಿಸಿಕೊಂಡ ಧರ್ಮಸಭೆಯು ರಾಷ್ಟ್ರಕ್ಕೆ ಅದರ ವಾಗ್ದಾನವನ್ನು ನೆನಪಿಸಿದರೆ ಕೇಳುವವರು ಯಾರು?